ಮೈಕ್ರೋವೇವ್ ಸಂವೇದಕಗಳಿಂದ ಕ್ಯಾನ್ಸರ್ ಕೋಶಗಳ ಪತ್ತೆ

ದುರ್ಬಲ ಮೈಕ್ರೋವೇವ್‌ಗಳನ್ನು ಜೀವಕೋಶಗಳ ಮೂಲಕ ಹಾಯಿಸಿ, ಅವುಗಳ ವಿದ್ಯುತ್ ಗುಣಗಳನ್ನು ಅಳೆದು, ಆ ಅಳತೆಗಳನ್ನು ಸಂಖ್ಯಾಶಾಸ್ತ್ರದ ನೆರವಿನಿಂದ ವಿಂಗಡಿಸಿ, ಕೋಶ ಸಹಜವಾದದ್ದೋ ಕ್ಯಾನ್ಸರಿನದೋ ಎಂದು ನಿರ್ಧರಿಸುವ ವಿಧಾನ. ಸೂಕ್ಷ್ಮತರಂಗ ಎಂದೂ ಕರೆಯುವ ಮೈಕ್ರೋವೇವ್‌ಗಳ ಆವೃತ್ತಿ ಸೆಕೆಂಡಿಗೆ 30 ಕೋಟಿಯಿಂದ 30,000 ಕೋಟಿ ಕಂಪನಗಳು, ಅಂದರೆ 300 ಮೆಗಾಹರ್ಟ್ಸ್‌ನಿಂದ 300 ಗಿಗಾಹರ್ಟ್ಸ್. ತರಂಗಾಂತರ 1 ಮೀಟರಿನಿಂದ 1 ಮಿಲಿಮೀಟರಿನವರೆಗೆ. ಈ ವಿಧಾನದಲ್ಲಿ ಕೋಶಕ್ಕೆ ಬಣ್ಣ ಹಾಕಬೇಕಿಲ್ಲ, ಪ್ರತಿಕಾಯಗಳನ್ನು ಅಂಟಿಸಬೇಕಿಲ್ಲ. ಅಳತೆ ಮುಗಿದ ಮೇಲೂ ಕೋಶ ಬದುಕಿರುತ್ತದೆ. ಆದರೆ ಸಂವೇದಕ ಕೊಡುವುದು ಅಂಕಿಗಳನ್ನು ಮಾತ್ರ. ಆ ಅಂಕಿಗಳಿಂದ ತೀರ್ಪಿಗೆ ಬರುವ ಕೆಲಸ ಸಂಖ್ಯಾಶಾಸ್ತ್ರದ್ದು. ವಿಧಾನದ ಬಲವೂ ದೌರ್ಬಲ್ಯವೂ ಹೆಚ್ಚಾಗಿ ಕಾಣುವುದು ಈ ಎರಡನೆಯ ಹಂತದಲ್ಲೇ.

ಚರಿತ್ರೆ

ಜೀವಕೋಶವನ್ನು ವಿದ್ಯುತ್ತಿನಿಂದ ಅಳೆಯುವ ಪ್ರಯತ್ನ 1920ರ ದಶಕದಷ್ಟು ಹಳೆಯದು. ಕೆಂಪು ರಕ್ತಕಣಗಳು ತೇಲುವ ದ್ರವದ ವಿದ್ಯುತ್ ಧಾರಕತೆಯನ್ನು ಅಳೆದ ಹ್ಯೂಗೋ ಫ್ರಿಕೆ, ಕೋಶಪೊರೆಯ ದಪ್ಪ ಸುಮಾರು 3.3 ನ್ಯಾನೊಮೀಟರ್ ಇರಬೇಕೆಂದು ಲೆಕ್ಕ ಹಾಕಿದ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರುವ ಮುಂಚಿನ ಮಾತಿದು. 1926ರಲ್ಲಿ ಫ್ರಿಕೆ ಮತ್ತು ಮೋರ್ಸ್ ಸ್ತನದ ಗಡ್ಡೆಗಳ ಧಾರಕತೆಯನ್ನು ಅಳೆದು ಪ್ರಕಟಿಸಿದರು. ಗಡ್ಡೆಯ ಬಗೆಯನ್ನು ವಿದ್ಯುತ್ತಿನಿಂದ ತಿಳಿಯಬಹುದೇ ಎಂಬ ಪ್ರಶ್ನೆ ಹೀಗೆ ಶುರುವಾಯಿತು.

ಬದಲಾಗುವ ವಿದ್ಯುತ್ ಕ್ಷೇತ್ರದಲ್ಲಿ ಧ್ರುವೀಯ ಅಣುಗಳ ವರ್ತನೆಗೆ ಪೀಟರ್ ಡಿಬೈ ಸೂತ್ರ ಕೊಟ್ಟ. ಕೆನೆತ್ ಕೋಲ್ ಮತ್ತು ರಾಬರ್ಟ್ ಕೋಲ್ ಸಹೋದರರು 1941ರಲ್ಲಿ ಅದನ್ನು ನೈಜ ವಸ್ತುಗಳಿಗೆ ಹೊಂದುವಂತೆ ತಿದ್ದಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಾರ್‌ಗಾಗಿ ಮೈಕ್ರೋವೇವ್ ಉಪಕರಣಗಳು ಬೆಳೆದವು. ಯುದ್ಧಾನಂತರ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹರ್ಮನ್ ಶ್ವಾನ್ ಜೀವಾಂಗಾಂಶಗಳ ವಿದ್ಯುತ್ ಗುಣಗಳು ಆವೃತ್ತಿಯೊಂದಿಗೆ ಬದಲಾಗುವ ಕ್ರಮವನ್ನು ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಹಂತಗಳಾಗಿ ವಿಂಗಡಿಸಿದ.

ಈ ಚರಿತ್ರೆಯಲ್ಲಿ ಭಾರತೀಯರ ಪಾಲೂ ಇದೆ. ಮಿಲಿಮೀಟರ್ ಅಳತೆಯ ತರಂಗಗಳನ್ನು ಜಗದೀಶಚಂದ್ರ ಬೋಸ್ 1895ರಲ್ಲಿ ಕಲ್ಕತ್ತದಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸಿದ್ದರು. 1984ರಲ್ಲಿ ಚೌಧರಿ, ಮಿಶ್ರಾ, ಸ್ವರೂಪ್ ಮತ್ತು ಥಾಮಸ್ ಸಹಜ ಹಾಗೂ ಕ್ಯಾನ್ಸರ್‌ಪೀಡಿತ ಸ್ತನ ಅಂಗಾಂಶಗಳನ್ನು 3 ಮೆಗಾಹರ್ಟ್ಸ್‌ನಿಂದ 3 ಗಿಗಾಹರ್ಟ್ಸ್‌ವರೆಗೆ ಅಳೆದು ಇಂಡಿಯನ್ ಜರ್ನಲ್ ಆಫ್ ಬಯೋಕೆಮಿಸ್ಟ್ರಿ ಅಂಡ್ ಬಯೋಫಿಸಿಕ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೈಕ್ರೋವೇವ್ ಸ್ತನಚಿತ್ರಣದ ಬರಹಗಳು ಈ ಪ್ರಬಂಧವನ್ನು ಇಂದಿಗೂ ಉಲ್ಲೇಖಿಸುತ್ತವೆ. 1996ರಲ್ಲಿ ಗೇಬ್ರಿಯಲ್ ಮತ್ತು ಸಂಗಡಿಗರು ದೇಹದ ಬಗೆಬಗೆಯ ಅಂಗಾಂಶಗಳ ಗುಣಗಳನ್ನು 10 ಹರ್ಟ್ಸ್‌ನಿಂದ 20 ಗಿಗಾಹರ್ಟ್ಸ್‌ವರೆಗೆ ಪಟ್ಟಿ ಮಾಡಿದರು. 2000ದ ನಂತರ ಸೂಕ್ಷ್ಮನಾಳಗಳ ತಂತ್ರ ಬೆಳೆದು, ಅಂಗಾಂಶದ ತುಂಡಿನಿಂದ ಒಂಟಿ ಕೋಶದ ಅಳತೆಗೆ ಇಳಿಯುವುದು ಸಾಧ್ಯವಾಯಿತು. ಫ್ರಾನ್ಸಿನ ತುಲೂಸ್ ಮತ್ತು ಲಿಮೋಜ್‌ನ ಪ್ರಯೋಗಾಲಯಗಳು, ಅಮೆರಿಕದ ಲೀಹೈ ವಿಶ್ವವಿದ್ಯಾಲಯ ಈ ಕೆಲಸದಲ್ಲಿ ಮುಂದಾದವು.

ಭೌತಿಕ ತತ್ತ್ವ

ಯಾವುದೇ ವಸ್ತುವನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟಾಗ ಅದು ಎರಡು ರೀತಿಯಲ್ಲಿ ವರ್ತಿಸುತ್ತದೆ: ಶಕ್ತಿಯ ಒಂದಂಶವನ್ನು ಹಿಡಿದಿಟ್ಟುಕೊಂಡು ಹಿಂದಿರುಗಿಸುತ್ತದೆ, ಇನ್ನೊಂದಂಶವನ್ನು ಶಾಖವಾಗಿ ಕಳೆಯುತ್ತದೆ. ಈ ಎರಡನ್ನೂ ಒಟ್ಟಾಗಿ ಹೇಳುವ ಸಂಖ್ಯೆಯೇ ಪರ್ಮಿಟಿವಿಟಿ. ನಿರ್ವಾತದ ಪರ್ಮಿಟಿವಿಟಿಯನ್ನು 1 ಎಂದಿಟ್ಟುಕೊಂಡರೆ 20 ಡಿಗ್ರಿ ಸೆಲ್ಸಿಯಸ್‌ನ ನೀರಿನದು ಸುಮಾರು 80. ಕೊಬ್ಬಿನದು ಬಹಳ ಕಡಿಮೆ. ಜೀವಕೋಶದ ಬಹುಪಾಲು ನೀರೇ ಆದ್ದರಿಂದ ಮೈಕ್ರೋವೇವ್ ಅಳೆಯುವುದು ಮುಖ್ಯವಾಗಿ ಕೋಶದ ನೀರನ್ನು, ಅದರಲ್ಲಿ ಕರಗಿದ ಲವಣಗಳನ್ನು, ನೀರಿನ ಚಲನೆಗೆ ಅಡ್ಡಬರುವ ಪ್ರೋಟೀನುಗಳನ್ನು.

ಇದಕ್ಕೆ ಮೈಕ್ರೋವೇವೇ ಬೇಕೇಕೆ? ಕೋಶಪೊರೆ ತೆಳುವಾದ ಕೊಬ್ಬಿನ ಹಾಳೆ. ವಿದ್ಯುತ್ತಿಗೆ ಅದೊಂದು ಬೇಲಿ. ಕಡಿಮೆ ಆವೃತ್ತಿಯ ವಿದ್ಯುತ್ ಈ ಬೇಲಿಯನ್ನು ದಾಟಲಾರದೆ ಕೋಶವನ್ನು ಬಳಸಿಕೊಂಡು ಹೋಗುತ್ತದೆ. ಹಾಗಾಗಿ ಕಿಲೋಹರ್ಟ್ಸ್ ಮಟ್ಟದ ಅಳತೆ ಕೋಶದ ಗಾತ್ರವನ್ನೂ ಹೊರಮೈಯನ್ನೂ ಹೇಳೀತೇ ಹೊರತು ಒಳಗಿನದನ್ನಲ್ಲ. ಆವೃತ್ತಿ ಏರಿದಂತೆ ಪೊರೆಯ ತಡೆ ಕುಸಿಯುತ್ತದೆ. ಮೆಗಾಹರ್ಟ್ಸ್ ವಲಯದ ಈ ಕುಸಿತವೇ ಶ್ವಾನ್ ಹೇಳಿದ ಬೀಟಾ ಹಂತ. ಗಿಗಾಹರ್ಟ್ಸ್ ತಲುಪುವ ವೇಳೆಗೆ ಪೊರೆ ಇದ್ದೂ ಇಲ್ಲದಂತಾಗಿ ಕ್ಷೇತ್ರ ನೇರವಾಗಿ ಕೋಶದ್ರವ್ಯವನ್ನು ಹೊಗುತ್ತದೆ. ಅಲ್ಲಿ ನೀರಿನ ಅಣುಗಳು ಕ್ಷೇತ್ರದ ಜೊತೆ ತಿರುಗಲು ಯತ್ನಿಸಿ ಹಿಂದೆ ಬೀಳುವುದು ಗಾಮಾ ಹಂತ. ಶುದ್ಧ ನೀರಿನಲ್ಲಿ ಇದರ ಕೇಂದ್ರ 20 ಡಿಗ್ರಿಯಲ್ಲಿ ಸುಮಾರು 17 ಗಿಗಾಹರ್ಟ್ಸ್. ವಿದ್ಯುದಗ್ರಗಳ ಮೇಲೆ ಅಯಾನುಗಳು ಮುತ್ತಿಕೊಂಡು ಅಳತೆ ಕೆಡಿಸುವ ತೊಂದರೆಯೂ ಈ ಎತ್ತರದ ಆವೃತ್ತಿಯಲ್ಲಿ ಇರುವುದಿಲ್ಲ.

ಈ ತರಂಗಗಳು ಎಕ್ಸ್-ರೇಯಂತೆ ಅಣುಗಳನ್ನು ಒಡೆಯುವುದಿಲ್ಲ. 10 ಗಿಗಾಹರ್ಟ್ಸ್ ತರಂಗದ ಒಂದು ಫೋಟಾನಿನ ಶಕ್ತಿ ಸುಮಾರು 0.00004 ಎಲೆಕ್ಟ್ರಾನ್ ವೋಲ್ಟ್. ಅಯಾನೀಕರಣಕ್ಕೆ ಬೇಕಾದದ್ದು ಸುಮಾರು 10 ಎಲೆಕ್ಟ್ರಾನ್ ವೋಲ್ಟ್. ಅಡುಗೆಮನೆಯ ಮೈಕ್ರೋವೇವ್ ಒಲೆ ನೂರಾರು ವಾಟ್ ಸುರಿದರೆ ಈ ಸಂವೇದಕಗಳು ಬಳಸುವುದು ಸಾಮಾನ್ಯವಾಗಿ ಮಿಲಿವಾಟ್ ಅಥವಾ ಅದಕ್ಕೂ ಕಡಿಮೆ. ಅಷ್ಟರಿಂದ ಕೋಶ ಬಿಸಿಯಾಗುವುದು ಗಣನೆಗೆ ಬಾರದು.

ಕ್ಯಾನ್ಸರ್ ಕೋಶದಲ್ಲಿ ಬದಲಾಗುವುದು

ಕ್ಯಾನ್ಸರ್ ಕೋಶಕ್ಕೆ ಮೈಕ್ರೋವೇವ್‌ನಲ್ಲಿ ಮಾತ್ರ ಕಾಣುವ ಪ್ರತ್ಯೇಕ ಮುದ್ರೆ ಯಾವುದೂ ಇಲ್ಲ. ಇರುವುದು ಹಲವು ಸಣ್ಣ ವ್ಯತ್ಯಾಸಗಳ ಮೊತ್ತ. ಅನೇಕ ಗಡ್ಡೆಗಳಲ್ಲಿ ಸುತ್ತಲಿನ ಸಹಜ ಅಂಗಾಂಶಕ್ಕಿಂತ ನೀರು ಹೆಚ್ಚು. ಕೋಶದೊಳಗೆ ಸೋಡಿಯಂ ಹೆಚ್ಚು. ಕೋಶಕ್ಕೆ ಹೋಲಿಸಿದರೆ ಕೋಶಕೇಂದ್ರದ ಗಾತ್ರ ದೊಡ್ಡದು. ಪೊರೆಯಲ್ಲಿ ಮಡಿಕೆಗಳು ಹೆಚ್ಚಾಗಿ ಅದರ ಧಾರಕತೆಯೂ ಏರಬಹುದು. ನೀರಿನ ಈ ವ್ಯತ್ಯಾಸವನ್ನೇ ಹಿಡಿದು 1971ರಲ್ಲಿ ರೇಮಂಡ್ ಡಮೇಡಿಯನ್ ಕಾಂತೀಯ ಅನುರಣನದಿಂದ ಗಡ್ಡೆಗಳನ್ನು ಪತ್ತೆಹಚ್ಚಬಹುದೆಂದು ತೋರಿಸಿದ್ದ. ಇಂದಿನ ಎಂಆರ್‌ಐ ಚರಿತ್ರೆಯಲ್ಲಿ ಅದೂ ಒಂದು ಮೈಲಿಗಲ್ಲು.

ವ್ಯತ್ಯಾಸ ಎಷ್ಟು ಎಂಬುದು ಯಾವುದರೊಂದಿಗೆ ಹೋಲಿಸುತ್ತೇವೆ ಎಂಬುದರ ಮೇಲೆ ನಿಂತಿದೆ. 2007ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಮತ್ತು ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯಗಳ ತಂಡ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸ್ತನ ಅಂಗಾಂಶಗಳ ದೊಡ್ಡ ಸಂಗ್ರಹವನ್ನು 0.5ರಿಂದ 20 ಗಿಗಾಹರ್ಟ್ಸ್‌ವರೆಗೆ ಅಳೆಯಿತು. ಕೊಬ್ಬು ತುಂಬಿದ ಸಹಜ ಅಂಗಾಂಶಕ್ಕೂ ಕ್ಯಾನ್ಸರಿಗೂ ಹತ್ತು ಪಟ್ಟಿನವರೆಗೆ ಅಂತರ ಕಂಡಿತು. ಆದರೆ ಗ್ರಂಥಿ ಮತ್ತು ನಾರಿನ ಅಂಗಾಂಶಕ್ಕೂ ಕ್ಯಾನ್ಸರಿಗೂ ಇದ್ದ ಅಂತರ ಸುಮಾರು ಶೇಕಡಾ 10 ಮಾತ್ರ. ಸ್ತನದ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ಭಾಗದಲ್ಲೇ. ಆದ್ದರಿಂದ ಹತ್ತು ಪಟ್ಟು ಎಂಬ ಅಂಕಿಗಿಂತ ಶೇಕಡಾ 10 ಎಂಬ ಅಂಕಿಯೇ ಈ ಕ್ಷೇತ್ರದ ನಿಜವಾದ ಸವಾಲನ್ನು ಹೇಳುತ್ತದೆ.

ಸಂವೇದಕಗಳ ಬಗೆಗಳು

ಏಕಾಕ್ಷ ಶೋಧಕ: ಟೀವಿ ಕೇಬಲ್ಲಿನಂಥ ಏಕಾಕ್ಷ ತಂತಿಯ ತುದಿಯನ್ನು ಸಪಾಟಾಗಿ ಕತ್ತರಿಸಿ ಅಂಗಾಂಶಕ್ಕೆ ಒತ್ತಿ ಹಿಡಿಯುವುದು. ತುದಿಯಿಂದ ಹಿಂದಿರುಗುವ ತರಂಗದ ಪ್ರಮಾಣ ಮತ್ತು ಹಂತದಿಂದ (ಫೇಸ್) ಪರ್ಮಿಟಿವಿಟಿಯನ್ನು ಲೆಕ್ಕ ಹಾಕುತ್ತಾರೆ. ವಿಶಾಲ ಆವೃತ್ತಿ ವ್ಯಾಪ್ತಿಗೆ ಒಗ್ಗುತ್ತದೆ. ಒತ್ತುವ ಬಲ ಬದಲಾದರೂ ನಡುವೆ ಗಾಳಿಗುಳ್ಳೆ ಸೇರಿದರೂ ಅಳತೆ ಕೆಡುತ್ತದೆ.

ಅನುರಣಕ: ತಂಬೂರಿಯ ತಂತಿಗೆ ತನ್ನದೇ ಶ್ರುತಿ ಇರುವಂತೆ ಲೋಹದ ಉಂಗುರ ಅಥವಾ ಸುರುಳಿಗೂ ತನ್ನದೇ ಅನುರಣನ ಆವೃತ್ತಿ ಇರುತ್ತದೆ. ಅದರ ಸೀಳಿನಲ್ಲಿ ಕೋಶ ಬಂದು ಕುಳಿತರೆ ಧಾರಕತೆ ಹೆಚ್ಚಾಗಿ ಶ್ರುತಿ ಇಳಿಯುತ್ತದೆ. ಎಷ್ಟು ಇಳಿಯಿತು ಎಂಬುದು ಕೋಶದ ಧಾರಕತೆಯನ್ನೂ, ಅನುರಣನ ಎಷ್ಟು ಮಂಕಾಯಿತು ಎಂಬುದು ಅದರ ಶಕ್ತಿನಷ್ಟವನ್ನೂ ಹೇಳುತ್ತವೆ. ಸೂಕ್ಷ್ಮತೆ ಹೆಚ್ಚು, ಆದರೆ ಒಂದು ಅನುರಣಕ ಒಂದೆರಡು ಆವೃತ್ತಿಗಳಲ್ಲಷ್ಟೇ ಅಳೆಯಬಲ್ಲದು.

ಸಮತಲ ತರಂಗವಾಹಿ: ಗಾಜು ಅಥವಾ ಕ್ವಾರ್ಟ್ಸ್ ಫಲಕದ ಮೇಲೆ ಚಿನ್ನದ ತೆಳು ಪಟ್ಟಿಗಳನ್ನು ಹರಡಿ, ಅವಕ್ಕೆ ಅಡ್ಡಲಾಗಿ ಸೂಕ್ಷ್ಮನಾಳವನ್ನು ಹಾಯಿಸಿ, ಕೋಶಗಳನ್ನು ಒಂದರ ಹಿಂದೊಂದರಂತೆ ಹರಿಯಬಿಡುವುದು. 10 ಗಿಗಾಹರ್ಟ್ಸ್ ತರಂಗದ ಉದ್ದ ಗಾಳಿಯಲ್ಲಿ 3 ಸೆಂಟಿಮೀಟರ್; ಕೋಶದ ಅಗಲ ಸುಮಾರು 15 ಮೈಕ್ರೋಮೀಟರ್, ಅಂದರೆ ಅದರ ಎರಡು ಸಾವಿರದಲ್ಲೊಂದು ಪಾಲು. ಬಯಲಿನಲ್ಲಿ ಈ ತರಂಗಕ್ಕೆ ಕೋಶ ಕಾಣುವುದೇ ಇಲ್ಲ. ಆದ್ದರಿಂದ ಕೋಶದ ಅಗಲದಷ್ಟೇ ಸಂದಿ ಬಿಟ್ಟು ಕ್ಷೇತ್ರವನ್ನೆಲ್ಲ ಅಲ್ಲಿಗೆ ಹಿಂಡುತ್ತಾರೆ. ಹಾಗಿದ್ದರೂ ಒಂಟಿ ಕೋಶ ಉಂಟುಮಾಡುವ ಧಾರಕತೆಯ ಬದಲಾವಣೆ ಒಂದು ಫೆಮ್ಟೊಫ್ಯಾರಡ್‌ಗೂ ಕಡಿಮೆ ಇರಬಹುದು. ಫೆಮ್ಟೊಫ್ಯಾರಡ್ ಎಂದರೆ ಫ್ಯಾರಡಿನ ಕೋಟಿ ಕೋಟಿ ಪಾಲಿನಲ್ಲಿ ಹತ್ತನೆಯ ಒಂದು.

ಈ ಎಲ್ಲ ಸಂವೇದಕಗಳ ಹಿಂದೆ ವೆಕ್ಟರ್ ನೆಟ್‌ವರ್ಕ್ ಅನಲೈಸರ್ ಎಂಬ ಉಪಕರಣ ಇರುತ್ತದೆ. ಕಳುಹಿಸಿದ ತರಂಗದಲ್ಲಿ ಎಷ್ಟು ಹಿಂದಿರುಗಿತು, ಎಷ್ಟು ದಾಟಿ ಹೋಯಿತು, ಹಂತ ಎಷ್ಟು ಸರಿಯಿತು ಎಂಬುದನ್ನು ಅದು ಪ್ರತಿ ಆವೃತ್ತಿಯಲ್ಲೂ ದಾಖಲಿಸುತ್ತದೆ.

ಅಳತೆಯ ಶಿಸ್ತು

ಕೋಶದಿಂದಾಗುವ ಇಷ್ಟು ಸಣ್ಣ ಬದಲಾವಣೆಯನ್ನು ಸುತ್ತಲಿನ ಏರುಪೇರುಗಳು ಸುಲಭವಾಗಿ ಮುಚ್ಚಿಬಿಡಬಲ್ಲವು. ಉಷ್ಣತೆಯ ಉದಾಹರಣೆಯೊಂದನ್ನು ನೋಡಬಹುದು. 5 ಗಿಗಾಹರ್ಟ್ಸ್ ಅನುರಣಕವೊಂದರ ಧಾರಕತೆಯನ್ನು ಕೋಶ ಹತ್ತು ಸಾವಿರದಲ್ಲೊಂದು ಪಾಲು ಹೆಚ್ಚಿಸಿದರೆ ಆವೃತ್ತಿ 250 ಕಿಲೋಹರ್ಟ್ಸ್ ಇಳಿಯುತ್ತದೆ. ಇತ್ತ ನೀರಿನ ಪರ್ಮಿಟಿವಿಟಿ 20 ಡಿಗ್ರಿಯಲ್ಲಿ 80.1, 25 ಡಿಗ್ರಿಯಲ್ಲಿ 78.4, ಅಂದರೆ ಒಂದು ಡಿಗ್ರಿಗೆ ಶೇಕಡಾ 0.4ಕ್ಕೂ ತುಸು ಹೆಚ್ಚು ಇಳಿಕೆ. ಅನುರಣಕದ ಧಾರಕತೆಯೆಲ್ಲ ನೀರಿನದೇ ಎಂದುಕೊಂಡರೆ ಒಂದು ಡಿಗ್ರಿ ಏರುಪೇರು ಆವೃತ್ತಿಯನ್ನು 10 ಮೆಗಾಹರ್ಟ್ಸ್‌ಗೂ ಹೆಚ್ಚು ಸರಿಸುತ್ತದೆ. ಕೋಶದ ಪರಿಣಾಮಕ್ಕಿಂತ ನಲವತ್ತು ಪಟ್ಟು. ಉಷ್ಣತೆಯನ್ನು ಡಿಗ್ರಿಯ ನೂರರಲ್ಲೊಂದು ಪಾಲಿಗೆ ಹಿಡಿದಿಡಬೇಕು, ಇಲ್ಲವೇ ಪಕ್ಕದಲ್ಲೇ ಕೋಶವಿಲ್ಲದ ಜೋಡಿ ಸಂವೇದಕವನ್ನಿಟ್ಟು ವ್ಯತ್ಯಾಸವನ್ನಷ್ಟೇ ಓದಬೇಕು. ಎರಡು ದಾರಿಗಳೂ ಬಳಕೆಯಲ್ಲಿವೆ.

ಕೋಶಗಳು ತೇಲುವ ದ್ರವವೂ ಅಷ್ಟೇ ಮುಖ್ಯ. ಸ್ತನ ಕ್ಯಾನ್ಸರಿನ ಎಂಸಿಎಫ್-7 ಕೋಶಸಂತತಿಯನ್ನೂ ಕ್ಯಾನ್ಸರ್ ಅಲ್ಲದ ಎಂಸಿಎಫ್-10ಎ ಸಂತತಿಯನ್ನೂ ಪ್ರಯೋಗಾಲಯಗಳಲ್ಲಿ ಜೋಡಿಯಾಗಿ ಹೋಲಿಸುವುದುಂಟು. ಆದರೆ ಇವೆರಡನ್ನು ಬೆಳೆಸುವ ಪೋಷಕ ದ್ರವಗಳು ಬೇರೆ: ಮೊದಲನೆಯದಕ್ಕೆ ಸಾಮಾನ್ಯವಾಗಿ ಕರುವಿನ ಭ್ರೂಣದ ಸೀರಂ, ಎರಡನೆಯದಕ್ಕೆ ಕುದುರೆಯ ಸೀರಂ ಜೊತೆಗೆ ಇನ್ಸುಲಿನ್ ಮುಂತಾದ ಹಾರ್ಮೋನುಗಳು. ತೊಳೆದು ಒಂದೇ ದ್ರವಕ್ಕೆ ವರ್ಗಾಯಿಸದಿದ್ದರೆ ಸಂವೇದಕ ಅಳೆಯುವುದು ಕೋಶವನ್ನಲ್ಲ, ದ್ರವವನ್ನು.

ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆ

ಒಂದೇ ತಟ್ಟೆಯಲ್ಲಿ ಬೆಳೆದ ಕೋಶಗಳೂ ಒಂದರಂತೆ ಒಂದಿರುವುದಿಲ್ಲ. ಗಾತ್ರ, ವಯಸ್ಸು, ವಿಭಜನೆಯ ಹಂತ ಎಲ್ಲದರಲ್ಲೂ ಏರಿಳಿತ. ಹಾಗಾಗಿ ಸಹಜ ಕೋಶಗಳ ಅಳತೆಗಳು ಒಂದು ಗುಡ್ಡೆಯಾಗಿ, ಕ್ಯಾನ್ಸರ್ ಕೋಶಗಳವು ಇನ್ನೊಂದು ಗುಡ್ಡೆಯಾಗಿ ಹರಡುತ್ತವೆ; ನಡುವೆ ಎರಡೂ ಬೆರೆತಿರುತ್ತವೆ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆ ಇಟ್ಟುಕೊಳ್ಳಬೇಕು. ಗುಡ್ಡೆಗಳ ಸರಾಸರಿ ಬೇರೆಯೇ ಎಂಬುದು ಒಂದು ಪ್ರಶ್ನೆ. ಎದುರಿಗಿರುವ ಈ ಒಂದು ಕೋಶ ಯಾವ ಗುಡ್ಡೆಯದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಟಿ-ಪರೀಕ್ಷೆ, ವಿಚಲನ ವಿಶ್ಲೇಷಣೆ ಮುಂತಾದವು ಉತ್ತರ ಕೊಡುತ್ತವೆ. ಎರಡೂ ಕಡೆ ಸಾವಿರ ಸಾವಿರ ಕೋಶಗಳನ್ನು ಅಳೆದು, ಸರಾಸರಿಗಳ ಅಂತರ ಮಾನಕ ವಿಚಲನೆಯ (ಅಂಕಿಗಳ ಹರವಿನ ಅಳತೆಯ) ಐದನೆಯ ಒಂದು ಪಾಲು ಇದೆ ಎನ್ನೋಣ. ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಂತರ ಆಕಸ್ಮಿಕವಾಗಿ ಕಾಣುವ ಸಂಭವ ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಎಂದು ಟಿ-ಪರೀಕ್ಷೆ ಹೇಳುತ್ತದೆ. ಆದರೆ ಅದೇ ಅಂಕಿಗಳಿಂದ ಒಂದೊಂದು ಕೋಶವನ್ನು ವಿಂಗಡಿಸಹೊರಟರೆ ನೂರರಲ್ಲಿ 46 ತಪ್ಪುತ್ತವೆ; ನಾಣ್ಯ ಚಿಮ್ಮಿದರೂ ಹೆಚ್ಚು ಕಡಿಮೆ ಅಷ್ಟೇ. ತಪ್ಪು ನೂರಕ್ಕೆ ಎರಡು-ಮೂರಕ್ಕೆ ಇಳಿಯಬೇಕಾದರೆ ಸರಾಸರಿಗಳ ನಡುವೆ ನಾಲ್ಕು ಮಾನಕ ವಿಚಲನೆಗಳಷ್ಟು ಅಂತರ ಬೇಕು. ಒಂದೇ ಆವೃತ್ತಿಯ ಒಂದೇ ಅಳತೆಯಿಂದ ಅಂಥ ಅಂತರ ಸಿಗುವುದು ವಿರಳ.

ಹಲವು ಅಳತೆಗಳನ್ನು ಒಟ್ಟಿಗೆ ನೋಡುವ ವಿಧಾನಗಳು ಇಲ್ಲಿ ನೆರವಿಗೆ ಬರುತ್ತವೆ. ಇವುಗಳ ಬುನಾದಿ 1936ರದು. ಆ ವರ್ಷ ರೊನಾಲ್ಡ್ ಫಿಶರ್ ರೇಖೀಯ ವಿಭೇದಕ ವಿಶ್ಲೇಷಣೆಯನ್ನೂ, ಕಲ್ಕತ್ತದ ಪ್ರಶಾಂತಚಂದ್ರ ಮಹಲನೋಬಿಸ್ ತಮ್ಮ ಹೆಸರಿನಲ್ಲೇ ಪ್ರಸಿದ್ಧವಾದ ದೂರಮಾನವನ್ನೂ ಪ್ರಕಟಿಸಿದರು. ಗುಂಪುಗಳು ಎರಡಕ್ಕಿಂತ ಹೆಚ್ಚಿದ್ದಾಗ ವಿಭೇದಕ ವಿಶ್ಲೇಷಣೆ ಮಾಡುವುದು ಹೇಗೆಂದು 1948ರಲ್ಲಿ ತೋರಿಸಿದವರು ಸಿ. ಆರ್. ರಾವ್. ಅವರು ಹುಟ್ಟಿದ್ದು 1920ರಲ್ಲಿ, ಇಂದಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯಲ್ಲಿ. ಮಾನವ ಗುಂಪುಗಳ ದೇಹದ ಅಳತೆಗಳಿಗಾಗಿ ಬೆಳೆದ ಈ ಗಣಿತ ಕೋಶಗಳಿಗೂ ಹಾಗೆಯೇ ಒಗ್ಗುತ್ತದೆ. ಸಹಜವಾದರೂ ದೊಡ್ಡದಾದ ಕೋಶವೊಂದು ಧಾರಕತೆಯನ್ನು ಹೆಚ್ಚು ಬದಲಿಸಿ ಕ್ಯಾನ್ಸರ್ ಕೋಶದಂತೆ ತೋರಬಹುದು. ಗಾತ್ರಕ್ಕೂ ಧಾರಕತೆಗೂ ಇರುವ ನಂಟನ್ನು ಮಹಲನೋಬಿಸ್ ದೂರ ಲೆಕ್ಕಕ್ಕೆ ತೆಗೆದುಕೊಂಡು, ಗಾತ್ರಕ್ಕೆ ತಕ್ಕ ಬದಲಾವಣೆಯನ್ನು ಅಸಹಜವೆಂದು ಎಣಿಸುವುದಿಲ್ಲ.

ನೂರಾರು ಆವೃತ್ತಿಗಳಲ್ಲಿ ಅಳೆದಾಗ ಅಕ್ಕಪಕ್ಕದ ಅಂಕಿಗಳು ಬಹುತೇಕ ಒಂದೇ ಸಂಗತಿಯನ್ನು ಹೇಳುತ್ತವೆ. ಅವುಗಳ ಸಾರವನ್ನು ಕೆಲವೇ ಅಂಕಿಗಳಿಗೆ ಇಳಿಸಲು ಪ್ರಧಾನ ಘಟಕ ವಿಶ್ಲೇಷಣೆ ಬಳಕೆಯಲ್ಲಿದೆ. ಇದರ ಮೂಲ 1901ರ ಕಾರ್ಲ್ ಪಿಯರ್ಸನ್ ಪ್ರಬಂಧ. ಗುಂಪುಗಳ ನಡುವಿನ ಗಡಿ ನೇರಗೆರೆಯಾಗಿಲ್ಲದಿದ್ದರೆ ಸಪೋರ್ಟ್ ವೆಕ್ಟರ್ ಯಂತ್ರ, ನಿರ್ಧಾರ ವೃಕ್ಷಗಳು, ಕೃತಕ ನರಜಾಲಗಳು ಬಳಕೆಗೆ ಬರುತ್ತವೆ.

ವಿಂಗಡಣೆ ಎಷ್ಟು ಒಳ್ಳೆಯದೆಂದು ಹೇಳಲು ಎರಡು ಅಂಕಿ ಬೇಕು. ಕ್ಯಾನ್ಸರ್ ಕೋಶಗಳಲ್ಲಿ ಎಷ್ಟು ಪಾಲನ್ನು ಹಿಡಿಯಿತು ಎಂಬುದು ಸಂವೇದನಶೀಲತೆ. ಸಹಜ ಕೋಶಗಳಲ್ಲಿ ಎಷ್ಟು ಪಾಲನ್ನು ಸಹಜವೆಂದೇ ಬಿಟ್ಟಿತು ಎಂಬುದು ನಿರ್ದಿಷ್ಟತೆ. ಒಂದನ್ನು ಏರಿಸಿದರೆ ಇನ್ನೊಂದು ಇಳಿಯುತ್ತದೆ. ಈ ಏರಿಳಿತವನ್ನು ತೋರಿಸುವ ಆರ್‌ಓಸಿ ವಕ್ರರೇಖೆ ಹುಟ್ಟಿದ್ದೂ ರೇಡಾರ್ ಕೆಲಸದಲ್ಲೇ: ಪರದೆಯ ಮೇಲಿನ ಚುಕ್ಕೆ ಶತ್ರು ವಿಮಾನವೋ ಬರಿಯ ಸದ್ದೋ ಎಂದು ತೀರ್ಮಾನಿಸಲು.

ದಾರಿ ತಪ್ಪುವ ಎಡೆಗಳು

ಮೂವರು ರೋಗಿಗಳಿಂದ ಸಾವಿರ ಕೋಶಗಳನ್ನು ತೆಗೆದು ಅಳೆದರೆ ಅದು ಸಾವಿರ ಸ್ವತಂತ್ರ ಪುರಾವೆ ಆಗುವುದಿಲ್ಲ, ಪುರಾವೆ ಮೂರೇ. ಒಬ್ಬರದೇ ಕೋಶಗಳು ಕಲಿಕೆಯ ರಾಶಿಯಲ್ಲೂ ಪರೀಕ್ಷೆಯ ರಾಶಿಯಲ್ಲೂ ಸೇರಿದರೆ ಯಂತ್ರ ಕ್ಯಾನ್ಸರಿನ ಬದಲು ಆ ವ್ಯಕ್ತಿಯನ್ನು ಗುರುತು ಹಿಡಿಯಲು ಕಲಿಯುತ್ತದೆ. ಆದ್ದರಿಂದ ಪ್ರತಿ ಸಲ ಒಬ್ಬ ರೋಗಿಯ ಎಲ್ಲ ಕೋಶಗಳನ್ನೂ ಹೊರಗಿಟ್ಟು, ಉಳಿದವರಿಂದ ಕಲಿತು, ಹೊರಗಿಟ್ಟವರ ಮೇಲೆ ಪರೀಕ್ಷಿಸುವುದು ಸರಿಯಾದ ಕ್ರಮ. ಹಾಗೆಯೇ ಸಹಜ ಕೋಶಗಳನ್ನು ಸೋಮವಾರ, ಕ್ಯಾನ್ಸರ್ ಕೋಶಗಳನ್ನು ಮಂಗಳವಾರ ಅಳೆದರೆ ವಿಂಗಡಣೆ ದಿನಗಳದ್ದಾಗಬಹುದು. ಎರಡನ್ನೂ ಕಲಸಿ, ಯಾವುದು ಯಾವುದೆಂದು ಅಳೆಯುವವರಿಗೆ ತಿಳಿಯದಂತೆ ಅಳೆಯಬೇಕು.

ಇನ್ನೊಂದು ಅಡಚಣೆ ವಿರಳತೆಯದು. ಗಡ್ಡೆಯಿಂದ ಕಳಚಿ ರಕ್ತದಲ್ಲಿ ಸಂಚರಿಸುವ ಕ್ಯಾನ್ಸರ್ ಕೋಶಗಳು ಒಂದು ಮಿಲಿಲೀಟರಿನಲ್ಲಿ ಹೆಚ್ಚೆಂದರೆ ಕೆಲವೇ ಕೆಲವು ಇರುತ್ತವೆ. ಅದೇ ಮಿಲಿಲೀಟರಿನಲ್ಲಿ ಬಿಳಿ ರಕ್ತಕಣಗಳು ಸುಮಾರು 40 ಲಕ್ಷದಿಂದ 1 ಕೋಟಿ 10 ಲಕ್ಷ. ಕೆಂಪುಕಣಗಳು ಸುಮಾರು 500 ಕೋಟಿ. ಶೇಕಡಾ 99.9 ನಿರ್ದಿಷ್ಟತೆಯ ಸಂವೇದಕವೂ 50 ಲಕ್ಷ ಬಿಳಿಕಣಗಳಲ್ಲಿ 5,000ವನ್ನು ಕ್ಯಾನ್ಸರ್ ಎಂದು ತಪ್ಪಾಗಿ ಎಣಿಸುತ್ತದೆ. ನಿಜವಾದ ಹತ್ತು ಕೋಶಗಳು ಆ ಐದು ಸಾವಿರದಲ್ಲಿ ಕಳೆದುಹೋಗುತ್ತವೆ. ಹೀಗಾಗಿ ಮೊದಲು ಗಾತ್ರ ಅಥವಾ ಪ್ರತಿಕಾಯಗಳ ನೆರವಿನಿಂದ ಜರಡಿ ಹಿಡಿದು, ಉಳಿದವುಗಳ ಮೇಲಷ್ಟೇ ಮೈಕ್ರೋವೇವ್ ಅಳತೆ ನಡೆಸುವುದು ಕಾರ್ಯಸಾಧ್ಯ ದಾರಿ.

ಅನ್ವಯಗಳು

ಆಸ್ಪತ್ರೆಯ ಬಳಕೆಗೆ ಬಂದಿರುವ ಉದಾಹರಣೆ ಮಾರ್ಜಿನ್‌ಪ್ರೋಬ್. ಇಸ್ರೇಲಿನ ಡ್ಯೂನ್ ಮೆಡಿಕಲ್ ಸಂಸ್ಥೆ ರೂಪಿಸಿದ ಈ ಸಾಧನಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2012ರಲ್ಲಿ ಒಪ್ಪಿಗೆ ನೀಡಿತು. ಸ್ತನದ ಗಡ್ಡೆಯನ್ನು ಕತ್ತರಿಸಿ ತೆಗೆದಾಗ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂಬುದನ್ನು ಅದು ರೇಡಿಯೋ ಮತ್ತು ಮೈಕ್ರೋವೇವ್ ಆವೃತ್ತಿಗಳಿಂದ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲೇ ಪರೀಕ್ಷಿಸುತ್ತದೆ. ಅಂಚಿನಲ್ಲಿ ಕ್ಯಾನ್ಸರ್ ಉಳಿದರೆ ರೋಗಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಗಬಹುದು. ಅದನ್ನು ತಪ್ಪಿಸುವುದು ಉದ್ದೇಶ. ಒಪ್ಪಿಗೆಗೆ ಆಧಾರವಾದ ಪರೀಕ್ಷೆಯಲ್ಲಿ ಸಾಧನದ ಸಂವೇದನಶೀಲತೆ ಸುಮಾರು ಶೇಕಡಾ 75, ನಿರ್ದಿಷ್ಟತೆ ಸುಮಾರು ಶೇಕಡಾ 46. ಸ್ವಚ್ಛವಾದ ಅಂಚುಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಅದು ಸಂಶಯದಿಂದ ಕಂಡಿತು. ಸಂಶಯ ಬಂದಲ್ಲಿ ಇನ್ನಷ್ಟು ಅಂಗಾಂಶ ತೆಗೆಯಬೇಕಾಗುವುದು ಇದರ ಬೆಲೆ.

ಇಡೀ ಸ್ತನವನ್ನು ಮೈಕ್ರೋವೇವ್‌ನಿಂದ ಚಿತ್ರಿಸುವ ಕೆಲಸ ಅಮೆರಿಕದ ಡಾರ್ಟ್‌ಮತ್, ಬ್ರಿಟನ್ನಿನ ಬ್ರಿಸ್ಟಲ್, ಐರ್ಲೆಂಡಿನ ಗಾಲ್ವೇ ಮುಂತಾದೆಡೆ ರೋಗಿಗಳ ಮೇಲಿನ ಪರೀಕ್ಷೆಯ ಹಂತ ತಲುಪಿದೆ. ಯೂರೋಪಿನ ಸಮ್‌ಕಾಸ್ಟೆಕ್ ಯೋಜನೆ ಮಿದುಳಿನ ಗ್ಲಿಯೋಬ್ಲಾಸ್ಟೋಮಾ ಗಡ್ಡೆಯ ಮೂಲಕೋಶಗಳನ್ನು ಚಿಪ್ ಮೇಲೆ ಪ್ರತ್ಯೇಕಿಸುವ ಗುರಿಯಿಟ್ಟುಕೊಂಡಿತ್ತು. ಔಷಧ ಕೊಟ್ಟ ಮೇಲೆ ಕೋಶಗಳು ಸಾಯುತ್ತಿವೆಯೇ ಎಂದು ಬಣ್ಣ ಹಾಕದೆ ಗಂಟೆಗಟ್ಟಲೆ ಗಮನಿಸುವುದೂ ಒಂದು ಉಪಯೋಗ. ಇಲ್ಲಿ ಕೋಶವನ್ನು ಅದರದೇ ಹಿಂದಿನ ಅಳತೆಯೊಂದಿಗೆ ಹೋಲಿಸುವುದರಿಂದ ಕೋಶದಿಂದ ಕೋಶಕ್ಕೆ ಇರುವ ಏರಿಳಿತ ಬಾಧಿಸುವುದಿಲ್ಲ.

ಇಂದಿನ ಸ್ಥಿತಿ

ಈ ಕ್ಷೇತ್ರದ ಪ್ರಯೋಗಗಳಲ್ಲಿ ಹೆಚ್ಚಿನವು ದಶಕಗಳಿಂದ ತಟ್ಟೆಯಲ್ಲಿ ಬೆಳೆದುಬಂದ ಕೋಶಸಂತತಿಗಳ ಮೇಲೆ ನಡೆದಿವೆ. ಹೀಗೆ ಬೆಳೆದ ಕೋಶಗಳು ರೋಗಿಯ ದೇಹದಲ್ಲಿರುವ ಕೋಶಗಳ ತದ್ರೂಪಲ್ಲ. ಸಂವೇದಕಗಳ ಸೂಕ್ಷ್ಮತೆ ಈಗಾಗಲೇ ಒಂಟಿ ಕೋಶಕ್ಕೆ ಮುಟ್ಟಿದೆ. ಮುಂದಿನ ಪ್ರಗತಿ ನಿಂತಿರುವುದು ಹೆಚ್ಚು ರೋಗಿಗಳ ಮಾದರಿಗಳು, ಪ್ರಯೋಗಾಲಯಗಳ ನಡುವೆ ಒಂದೇ ಅಳತೆಯ ಕ್ರಮ ಮತ್ತು ಮೊದಲೇ ಘೋಷಿಸಿದ ವಿಶ್ಲೇಷಣೆಯ ವಿಧಾನ ಇವುಗಳ ಮೇಲೆ. ಮೈಕ್ರೋವೇವ್ ಸಂವೇದಕವನ್ನು ಸದ್ಯಕ್ಕೆ ಜರಡಿ ಹಿಡಿಯುವ, ಎಚ್ಚರಿಸುವ ಸಹಾಯಕ ಸಾಧನವೆಂದೇ ಪರಿಗಣಿಸಲಾಗಿದೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಇಂದಿಗೂ ಖಚಿತವಾಗುವುದು ಬಯಾಪ್ಸಿಯ ತುಂಡನ್ನು ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ.